ವಿಮಾನ ಇಳಿದ ಮೇಲಿನ 40 ಕಿಲೋಮೀಟರ್

ಪ್ರಶ್ನೆ: ಮುಂದಿನ ತಿಂಗಳು ನಾನು, ಯಜಮಾನರು, ಮೂರೂವರೆ ವರ್ಷದ ಮಗಳು, ಎಂಟು ತಿಂಗಳ ಮಗ ವಿಮಾನದಲ್ಲಿ ಹೊರಟಿದ್ದೇವೆ. ಇಳಿಯುವ ಊರು ನಮಗೆ ಹೊಸದು. ವಿಮಾನ ಮುಟ್ಟುವುದು ರಾತ್ರಿ 11ಕ್ಕೆ, ಉಳಿಯುವ ಹೋಟೆಲು ಅಲ್ಲಿಂದ 40 ಕಿ.ಮೀ. ದೂರ. ಎರಡು ದೊಡ್ಡ ಸೂಟ್‌ಕೇಸು, ಒಂದು ಸ್ಟ್ರಾಲರ್ ಜೊತೆಗಿರುತ್ತವೆ. ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆದು ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡರಾಯಿತು, ಮುಕ್ಕಾಲು ಗಂಟೆಯ ದಾರಿ ಎನ್ನುತ್ತಾರೆ ಯಜಮಾನರು. ಅತ್ತೆಯವರದ್ದೂ ಅದೇ ಮಾತು: "ನೀವೆಲ್ಲ ಯಾವ ಸೀಟಲ್ಲಿ ಕೂತು ಬೆಳೆದಿರಿ?" ಅಕ್ಕ ಮಾತ್ರ ಮನೆಯ ಕಾರ್ ಸೀಟನ್ನೇ ಹೊತ್ತುಕೊಂಡು ಹೋಗು ಎನ್ನುತ್ತಾಳೆ. ರೈಲಿದೆ, ಆದರೆ ಮಧ್ಯೆ ಒಂದು ಕಡೆ ಬದಲಿಸಬೇಕು. ವಿಮಾನ ನಿಲ್ದಾಣದ ಬಸ್ಸೂ ಇದೆಯಂತೆ. 'ಮಕ್ಕಳ ಸೀಟ್ ಲಭ್ಯ' ಎನ್ನುವ ಕ್ಯಾಬ್ ಕಂಪನಿಗಳಿವೆ, ದರ ಜಾಸ್ತಿ. ಬಾಡಿಗೆ ಕಾರು ತೆಗೆದುಕೊಂಡು ನಾವೇ ಓಡಿಸೋಣವೇ ಎಂದೂ ಯೋಚನೆ. ನಾನು ಸುಮ್ಮನೆ ಹೆದರುತ್ತಿದ್ದೇನೆಯೇ? ಯಾವುದನ್ನು ಆರಿಸಲಿ?

ಉತ್ತರ: ಸುಮ್ಮನೆ ಹೆದರುತ್ತಿಲ್ಲ. ತಂದೆತಾಯಿಗೆ ಮಕ್ಕಳ ಕಾರ್ ಸೀಟ್ ಕಟ್ಟುವುದನ್ನು ಹೇಳಿಕೊಡುವುದೇ ನನ್ನ ಕೆಲಸ. ತಮ್ಮೂರಲ್ಲಿ ಮಗುವನ್ನು ಸೀಟಿಲ್ಲದೆ ಬೀದಿ ತುದಿಯವರೆಗೂ ಕರೆದೊಯ್ಯದವರು ವಿಮಾನ ಇಳಿದ ರಾತ್ರಿ ಮಾತ್ರ ಆ ನಿಯಮಕ್ಕೆ ರಜೆ ಕೊಡುತ್ತಾರೆ. ನಿದ್ದೆಗೆಟ್ಟ ಮಕ್ಕಳು, ಸುಸ್ತಾದ ದೊಡ್ಡವರು, ಹಿಂದೆ ಹಾರ್ನ್ ಹೊಡೆಯುತ್ತ ನಿಂತ ಕಾರುಗಳ ಸಾಲು. ಆ ಹೊತ್ತಿನಲ್ಲಿ ಯಾರಿಗೂ ಸರಿಯಾದ ಬುದ್ಧಿ ಓಡುವುದಿಲ್ಲ. ನನಗೂ ಓಡಿರಲಿಲ್ಲ, ಆ ಕಥೆ ಮುಂದೆ ಹೇಳುತ್ತೇನೆ. ಈಗಲೇ, ಮನೆಯಲ್ಲಿ ಕೂತು ಯೋಚಿಸುತ್ತಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು.

ಟ್ಯಾಕ್ಸಿಯೋ ರೈಲೋ ಬಸ್ಸೋ ಎಂದು ಕೇಳಿದ್ದೀರಿ. ಅದಕ್ಕೂ ಮುಂಚಿನ ಪ್ರಶ್ನೆ ಒಂದಿದೆ: ಆ 40 ಕಿ.ಮೀ. ಉದ್ದಕ್ಕೂ ಮಗ ಎಲ್ಲಿ ಕೂರುತ್ತಾನೆ, ಮಗಳು ಎಲ್ಲಿ ಕೂರುತ್ತಾಳೆ? ಇದಕ್ಕೆ ಖಚಿತ ಉತ್ತರ ಸಿಕ್ಕರೆ ವಾಹನ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ತೊಡೆಯ ಮಾತು ಮುಗಿಸೋಣ, ಏಕೆಂದರೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಜಗಳದ ಬೇರು ಅಲ್ಲಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಎದುರಿನ ಗೋಡೆಗೆ ಗುದ್ದಿತು ಎಂದುಕೊಳ್ಳಿ. ಒಳಗಿದ್ದವರ ಪಾಲಿಗೆ ಅದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದಷ್ಟೇ ವೇಗ. ನಿಮ್ಮ ಮಗ ಎಂಟೂವರೆ ಕೆ.ಜಿ. ಇದ್ದಾನೆ ಎಂದಿಟ್ಟುಕೊಂಡರೆ, ಹತ್ತನೇ ಒಂದು ಸೆಕೆಂಡಿನಲ್ಲಿ ಆ ವೇಗ ನಿಂತಾಗ ನಿಮ್ಮ ಕೈಗಳ ಮೇಲೆ ಬೀಳುವ ಎಳೆತ ಸುಮಾರು 120 ಕೆ.ಜಿ. ತೂಕಕ್ಕೆ ಸಮ. ಎಷ್ಟೇ ಪ್ರೀತಿಯಿಂದ ಅಪ್ಪಿಕೊಂಡಿದ್ದರೂ ತಾಯಿಯ ತೋಳು ಅದನ್ನು ತಡೆಯುವುದಿಲ್ಲ. ತಯಾರಾಗಲು ಸಮಯವೂ ಇರುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಗುವನ್ನು ತೊಡೆ ಮೇಲೆ ಕೂರಿಸಿ ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುತ್ತಾರೆ. ಇದು ಬರಿ ತೊಡೆಗಿಂತ ಕೆಟ್ಟದು. ಗುದ್ದಿದಾಗ ದೊಡ್ಡವರ ಮೈಭಾರವೆಲ್ಲ ಮಗುವನ್ನು ಬೆಲ್ಟಿಗೆ ಒತ್ತುತ್ತದೆ. ಎದೆಗೆ ಕಟ್ಟಿಕೊಳ್ಳುವ ಮಗುಚೀಲದಲ್ಲಿ ಹಾಕಿಕೊಂಡು ಅದರ ಮೇಲೆ ಬೆಲ್ಟ್ ಬಿಗಿದರೂ ಇದೇ ಕಥೆ. ಆ ಚೀಲಗಳನ್ನು ಹೊತ್ತು ನಡೆಯುವುದಕ್ಕೆಂದು ಹೊಲಿದಿರುತ್ತಾರೆ. ಕಾರಿನ ಗುದ್ದನ್ನು ತಾಳುತ್ತವೆಯೇ ಎಂದು ಯಾರೂ ಪರೀಕ್ಷಿಸಿರುವುದಿಲ್ಲ.

"ವಿಮಾನದಲ್ಲಿ ತೊಡೆ ಮೇಲೆ ಬಿಡುತ್ತಾರಲ್ಲ?" ಎಂದು ಯಜಮಾನರು ಕೇಳಬಹುದು, ಬಹಳ ಜನ ಕೇಳುತ್ತಾರೆ. ಅಲ್ಲೂ ಅದು ರಿಯಾಯಿತಿಯೇ ಹೊರತು ಶಿಫಾರಸು ಅಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ, ಮಗುವಿಗೆ ಬೇರೆಯೇ ಟಿಕೆಟ್ ಮಾಡಿಸಿ ಒಪ್ಪಿಗೆ ಪಡೆದ ಸೀಟಿನಲ್ಲಿ ಕೂರಿಸಿ ಎಂದೇ ಹೇಳುತ್ತದೆ.

ಅತ್ತೆಯವರ ಮಾತಿಗೂ ಉತ್ತರ ಬೇಕಲ್ಲ. ನಾವೆಲ್ಲ ಸೀಟಿಲ್ಲದೆ ಬೆಳೆದೆವು, ನಿಜ. ಬೆಳೆಯದೆ ಹೋದ ಮಕ್ಕಳು ಬಂದು ಹೇಳುವುದಿಲ್ಲ ಎಂಬುದು ಒಂದು. ಆಗಿನ ರಸ್ತೆಯಲ್ಲಿ ಆಗಿನ ಕಾರು ಓಡುತ್ತಿದ್ದ ವೇಗ ಬೇರೆ ಎಂಬುದು ಇನ್ನೊಂದು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ, ಕಾರಿನಲ್ಲಿ ಸರಿಯಾದ ಸೀಟು ಒಂದು ವರ್ಷದೊಳಗಿನ ಮಗುವಿನ ಸಾವಿನ ಅಪಾಯವನ್ನು ಶೇ. 71ರಷ್ಟು, ಒಂದರಿಂದ ನಾಲ್ಕು ವರ್ಷದವರ ಅಪಾಯವನ್ನು ಶೇ. 54ರಷ್ಟು ಇಳಿಸುತ್ತದೆ. ಅತ್ತೆಯವರ ಮುಂದೆ ಅಂಕಿಅಂಶ ಇಡುವುದಕ್ಕಿಂತ ಮೂರನೇ ಮಹಡಿಯ ಲೆಕ್ಕ ಹೇಳಿ. ನನ್ನ ಅನುಭವದಲ್ಲಿ ಅಜ್ಜಿಯಂದಿರಿಗೆ ಅದು ಬೇಗ ತಟ್ಟುತ್ತದೆ.

'ಮುಕ್ಕಾಲು ಗಂಟೆಯ ದಾರಿ' ಎಂಬ ಸಮಾಧಾನವನ್ನೂ ಬಿಟ್ಟುಬಿಡಿ. ವಿಮಾನ ನಿಲ್ದಾಣಗಳು ಸಾಮಾನ್ಯವಾಗಿ ಊರಾಚೆ ಇರುತ್ತವೆ, ಅಲ್ಲಿಂದ ಬರುವುದು ಹೆದ್ದಾರಿಯಲ್ಲಿ. 40 ಕಿ.ಮೀ. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದರೆ ಮಧ್ಯದ ದಾರಿಯಲ್ಲಿ ಕಾರು ಗಂಟೆಗೆ 80–100 ಕಿ.ಮೀ. ವೇಗದಲ್ಲಿ ಓಡಬೇಕಾಗಬಹುದು. ಮೊದಲಿನ ಲೆಕ್ಕ 50ರ ವೇಗದ್ದು. ವೇಗ ದುಪ್ಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟು. ರಾತ್ರಿ ರಸ್ತೆ ಖಾಲಿ ಇರುವುದು ಇಲ್ಲಿ ಅನುಕೂಲವಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಕಾನೂನಿನ ಬಗ್ಗೆ. ಹಲವು ದೇಶಗಳಲ್ಲಿ ಖಾಸಗಿ ಕಾರಿಗೆ ಮಕ್ಕಳ ಸೀಟ್ ಕಡ್ಡಾಯ, ಟ್ಯಾಕ್ಸಿಗೆ ವಿನಾಯಿತಿ. ಇಂಗ್ಲೆಂಡ್‌ನಲ್ಲಿ ಟ್ಯಾಕ್ಸಿಯವರ ಬಳಿ ಸರಿಯಾದ ಸೀಟ್ ಇಲ್ಲದಿದ್ದರೆ ಮೂರು ವರ್ಷದೊಳಗಿನ ಮಗು ಹಿಂದಿನ ಸೀಟಿನಲ್ಲಿ ಬೆಲ್ಟ್ ಕೂಡ ಇಲ್ಲದೆ ಹೋಗಬಹುದು. ಚಾಲಕರು ಎಲ್ಲ ಅಳತೆಯ ಸೀಟು ಹೊತ್ತು ತಿರುಗಲಾರರು ಎಂಬ ವ್ಯವಹಾರದ ಕಾರಣಕ್ಕೆ ಕೊಟ್ಟ ವಿನಾಯಿತಿ ಅದು. ದಂಡ ಹಾಕುವುದಿಲ್ಲ ಎಂದಷ್ಟೇ ಅದರ ಅರ್ಥ. ಟ್ಯಾಕ್ಸಿ ಗುದ್ದಿದರೂ ಗುದ್ದು ಅದೇ.

ಈಗ ನಿಮ್ಮ ಮಕ್ಕಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಬ್ಬರ ಅಗತ್ಯ ಒಂದೇ ಅಲ್ಲ.

ಎಂಟು ತಿಂಗಳ ಮಗ ಹಿಂಮುಖವಾಗಿಯೇ ಕೂರಬೇಕು, ಅಂದರೆ ಅವನ ಬೆನ್ನು ಕಾರು ಹೋಗುವ ದಿಕ್ಕಿಗೆ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂತ ಮಗುವಿನ ಮೈಯನ್ನು ಪಟ್ಟಿ ಹಿಡಿದುಕೊಂಡರೂ ತಲೆ ಮುಂದಕ್ಕೆ ಎಸೆದುಹೋಗುತ್ತದೆ, ಎಳೆತವೆಲ್ಲ ಕತ್ತಿನ ಮೇಲೆ. ಹಿಂಮುಖವಾಗಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಒರಗು ಒಟ್ಟಿಗೆ ತಾಳಿಕೊಳ್ಳುತ್ತದೆ. ಮಕ್ಕಳ ಕಾರ್ ಸೀಟಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಆರ್129 ನಿಯಮದ ಪ್ರಕಾರ ಕನಿಷ್ಠ 15 ತಿಂಗಳು ತುಂಬುವವರೆಗೆ ಹಿಂಮುಖ ಕಡ್ಡಾಯ. ಅದಕ್ಕಿಂತ ಹೆಚ್ಚು ದಿನ ಇಟ್ಟಷ್ಟೂ ಒಳ್ಳೆಯದು. ಒಂದು ವಿಷಯದಲ್ಲಿ ಮಾತ್ರ ಚೌಕಾಸಿಯೇ ಇಲ್ಲ: ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂಮುಖ ಸೀಟ್ ಇಡಲೇಬಾರದು. ಏರ್‌ಬ್ಯಾಗ್ ನೇರ ಮಗುವಿನ ತಲೆಯ ಹಿಂದೆ ಸಿಡಿಯುತ್ತದೆ.

ಮಗಳಿಗೆ ಮೂರೂವರೆ. ಇವಳಿಗೆ ಭುಜ, ಸೊಂಟ, ಕಾಲ ನಡುವೆ ಹೀಗೆ ಐದು ಕಡೆ ಬಿಗಿಯುವ ಪಟ್ಟಿಯಿರುವ ಸೀಟ್ ಬೇಕು. "ಬೂಸ್ಟರ್ ಸಾಕಲ್ಲವೇ, ಹಗುರ ಇರುತ್ತದೆ" ಎಂದು ಬಹಳ ಜನ ಕೇಳುತ್ತಾರೆ. ಬೂಸ್ಟರ್ ಎಂದರೆ ಮಗುವನ್ನು ಎತ್ತರಿಸಿ ಕಾರಿನ ಬೆಲ್ಟೇ ಸರಿಯಾದ ಜಾಗಕ್ಕೆ ಬರುವಂತೆ ಮಾಡುವ ಸಾಧನ. ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಕೂತರೆ ಮಾತ್ರ ಅದು ಕೆಲಸ ಮಾಡುತ್ತದೆ. ಪುಟ್ಟ ಮಕ್ಕಳ ಸೊಂಟದ ಮೂಳೆಗೆ ದೊಡ್ಡವರ ಹಾಗೆ ಅಂಚು ಬಂದಿರುವುದಿಲ್ಲ, ಪಟ್ಟಿ ಜಾರಿ ಹೊಟ್ಟೆಯ ಮೇಲೆ ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನಿದ್ದೆ. ರಾತ್ರಿ 11ರ ಮೇಲೆ ಕಾರು ಹತ್ತಿದ ಮಗು ಹತ್ತು ನಿಮಿಷದಲ್ಲಿ ನಿದ್ದೆ ಹೋಗುತ್ತದೆ, ಪಕ್ಕಕ್ಕೆ ವಾಲುತ್ತದೆ, ಭುಜದ ಪಟ್ಟಿ ತೋಳಿಗೆ ಜಾರುತ್ತದೆ. ಅಲ್ಲಿಗೆ ಬೂಸ್ಟರ್ ಇದ್ದೂ ಇಲ್ಲದ ಹಾಗೆ. ಹಗಲಿನ ಪ್ರಯಾಣವಾಗಿದ್ದು ಮಗಳು 100 ಸೆಂ.ಮೀ. ದಾಟಿ ನೆಟ್ಟಗೆ ಕೂರುವವಳಾಗಿದ್ದರೆ ಒರಗಿರುವ ಬೂಸ್ಟರಿಗೆ ಒಲ್ಲದ ಮನಸ್ಸಿನಿಂದ ಹೂಂ ಎನ್ನುತ್ತಿದ್ದೆ. ಈ ಪ್ರಯಾಣಕ್ಕೆ ಬೇಡ.

ಈಗ ಒಂದೊಂದೇ ವಾಹನ ನೋಡೋಣ.

'ಮಕ್ಕಳ ಸೀಟ್ ಲಭ್ಯ' ಎಂಬ ಮೂರು ಪದಗಳನ್ನು ನಂಬಿ ನಾನು ಕೆಟ್ಟಿದ್ದೇನೆ. ನನ್ನ ಮಗನಿಗೆ ಆಗ ಹದಿಮೂರು ತಿಂಗಳು. ಬುಕಿಂಗ್ ಮಾಡುವಾಗ ಸೀಟಿನ ಮುಂದೆ ಗುರುತು ಹಾಕಿದೆ, ಹೆಚ್ಚಿನ ಹಣವನ್ನೂ ಕಟ್ಟಿದೆ. ಇಳಿದು ನೋಡಿದರೆ ಹಿಂದಿನ ಸೀಟಿನ ಮೇಲೆ ಒಂದು ಥರ್ಮೋಕೋಲ್ ಬೂಸ್ಟರ್ ಕೂತಿದೆ! ಹಿಂಮುಖ ಸೀಟಿನಲ್ಲಿ ಕೂರಬೇಕಾದ ವಯಸ್ಸಿನ ಮಗುವಿಗೆ ಬೂಸ್ಟರ್. ಚಾಲಕ ಒಳ್ಳೆಯ ಮನುಷ್ಯ, "ಸೀಟ್ ಅಂದ್ರು, ತಂದಿದೀನಿ" ಎಂದ. ಅವನ ತಪ್ಪೂ ಇರಲಿಲ್ಲ. ಇದೇ ಕೆಲಸ ಮಾಡುವ ನಾನು, ಆ ಸುಸ್ತಿನಲ್ಲಿ, ಎರಡು ನಿಮಿಷ "ಹೋಗಿಬಿಡೋಣ" ಎಂದುಕೊಂಡು ಬಾಗಿಲು ಕೂಡ ತೆರೆದಿದ್ದೆ. ಕೊನೆಗೆ ಆ ಕಾರನ್ನು ಕಳಿಸಿ ಬಸ್ಸಿಗೆ ಹೋದೆವು. ಹಣ ವಾಪಸು ಬರಲಿಲ್ಲ.

ಹಾಗಾಗಿ ಬುಕ್ ಮಾಡುವಾಗ ಮಗುವಿನ ವಯಸ್ಸು, ತೂಕ, ಎತ್ತರ ಮೂರನ್ನೂ ಬರೆದು ಕಳಿಸಿ. ಸೀಟ್ ಹಿಂಮುಖದ್ದೋ ಮುಮ್ಮುಖದ್ದೋ, ಪಟ್ಟಿಯದ್ದೋ ಬೂಸ್ಟರೋ ಎಂದು ಕೇಳಿ. ಸೀಟಿನ ಫೋಟೊ ತರಿಸಿಕೊಳ್ಳಿ. ವಿಶ್ವಸಂಸ್ಥೆಯ ನಿಯಮ ಪಾಲಿಸುವ ಕಡೆಗಳಲ್ಲಿ ಸೀಟಿನ ಮೇಲೆ ವೃತ್ತದೊಳಗೆ ಇಂಗ್ಲಿಷ್ 'ಇ' ಅಕ್ಷರವಿರುವ ಒಪ್ಪಿಗೆ ಚೀಟಿ ಅಂಟಿಸಿರುತ್ತಾರೆ, ಅದರಲ್ಲೇ ತೂಕ ಅಥವಾ ಎತ್ತರದ ಮಿತಿ ಇರುತ್ತದೆ. ಆ ಚೀಟಿಯ ಫೋಟೊ ಕೇಳಿದ ತಕ್ಷಣ ಕಂಪನಿಯ ಯೋಗ್ಯತೆ ಗೊತ್ತಾಗುತ್ತದೆ. ಒಳ್ಳೆಯವರು ಅರ್ಧ ಗಂಟೆಯಲ್ಲಿ ಕಳಿಸುತ್ತಾರೆ. ಉಳಿದವರು "ಎಲ್ಲ ಮಕ್ಕಳಿಗೂ ಆಗುತ್ತೆ ಮೇಡಂ" ಎನ್ನುತ್ತಾರೆ. ಜೊತೆಗೆ ವಿಮಾನದ ನಂಬರ್ ಕೊಟ್ಟು, ತಡವಾದರೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಕೇಳಿಕೊಳ್ಳಿ. ಮಕ್ಕಳಿರುವವರು ಹೊರಬರುವುದು ಎಲ್ಲರಿಗಿಂತ ಕೊನೆಗೆ.

ಆ್ಯಪ್ ಟ್ಯಾಕ್ಸಿ ಅಥವಾ ಸಾಲಿನಲ್ಲಿ ನಿಂತ ಟ್ಯಾಕ್ಸಿ ನಿಮಗೆ ಸರಿಹೋಗುವುದು ಒಂದೇ ಸಂದರ್ಭದಲ್ಲಿ: ಎರಡೂ ಸೀಟು ನಿಮ್ಮ ಕೈಯಲ್ಲೇ ಇರಬೇಕು, ಅವನ್ನು ಬರಿ ಸೀಟ್ ಬೆಲ್ಟಿನಿಂದ ಕಟ್ಟಲು ನಿಮಗೆ ಬರಬೇಕು. ಬರುವ ಕಾರಿನಲ್ಲಿ ಐಸೋಫಿಕ್ಸ್ ಕೊಂಡಿ (ಬೆಲ್ಟಿಲ್ಲದೆ ಮಕ್ಕಳ ಸೀಟನ್ನು ಸಿಕ್ಕಿಸಲು ಕಾರಿನ ಆಸನದಲ್ಲೇ ಇರುವ ಲೋಹದ ಕೊಂಡಿ) ಸಿಕ್ಕೀತೆಂಬ ಭರವಸೆ ಬೇಡ. ಕೆಲವು ಸೀಟುಗಳು ಐಸೋಫಿಕ್ಸ್ ಇಲ್ಲದೆ ನಿಲ್ಲುವುದೇ ಇಲ್ಲ. ನಿಮ್ಮದು ಯಾವ ಜಾತಿಯದೆಂದು ಕೈಪಿಡಿಯಲ್ಲಿ ಈಗಲೇ ನೋಡಿ.

ಅಕ್ಕನ ಸಲಹೆ ಇಲ್ಲಿಗೆ ಬಂತು. ಸೀಟ್ ಹೊತ್ತು ಹೋಗುವುದು ಕೇಳಿದಷ್ಟು ಕಷ್ಟವಲ್ಲ, ಆದರೆ ಇಬ್ಬರು ಮಕ್ಕಳ ಸೀಟಿಗೂ ಒಂದೇ ಮಾತು ಹೇಳಲಾರೆ. ಮಗನ ಸೀಟ್ ಹಿಡಿಕೆ ಇರುವ ತೊಟ್ಟಿಲಿನಂಥದ್ದಾಗಿದ್ದರೆ ಯೋಚನೆಯೇ ಬೇಡ, ತೆಗೆದುಕೊಂಡು ಹೋಗಿ. ಅವುಗಳಲ್ಲಿ ಬಹಳಷ್ಟು ಸ್ಟ್ರಾಲರ್ ಮೇಲೆಯೇ ಸಿಕ್ಕಿಸಿಕೊಳ್ಳುತ್ತವೆ. ಹಲವನ್ನು ಕಾರಿನಲ್ಲಿ ಕೆಳಗಿನ ಪೀಠವಿಲ್ಲದೆ ಬೆಲ್ಟಿನಿಂದಲೇ ಒಂದು ನಿಮಿಷದಲ್ಲಿ ಕಟ್ಟಬಹುದು. ವಿಮಾನದ ಬಾಗಿಲವರೆಗೆ ಸ್ಟ್ರಾಲರಿನಲ್ಲೇ ತಳ್ಳಿಕೊಂಡು ಹೋಗಿ ಅಲ್ಲಿ ಸಿಬ್ಬಂದಿಗೆ ಒಪ್ಪಿಸಿ. ಚೆಕ್-ಇನ್ ಲಗೇಜಿನಲ್ಲಿ ಹಾಕಿದರೆ ಸಾಮಾನು ಸಾಗಿಸುವ ಬೆಲ್ಟಿನಿಂದ ಬೆಲ್ಟಿಗೆ ಬೀಳುತ್ತ, ಸೂಟ್‌ಕೇಸುಗಳ ಅಡಿ ಸಿಕ್ಕಿ ಬರುತ್ತದೆ. ಹಾಗೆಂದು ಹಾಕಿದ್ದೆಲ್ಲ ಒಡೆಯುವುದಿಲ್ಲ. ದಪ್ಪ ಚೀಲದಲ್ಲಿ ಸುತ್ತಿ ಹಾಕಿದ ಎಷ್ಟೋ ಸೀಟುಗಳು ಸರಿಯಾಗಿಯೇ ಬಂದಿವೆ. ಕೈಗೆ ಬಂದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಬಿರುಕಿದೆಯೇ, ಬಕಲ್ ಟಕ್ಕೆಂದು ಕೂರುತ್ತದೆಯೇ, ಪಟ್ಟಿ ಎಳೆದಾಗ ನಿಲ್ಲುತ್ತದೆಯೇ ನೋಡಿ. ಬಿರುಕು ಕಂಡರೆ ಆ ಸೀಟಿನ ಆಯುಷ್ಯ ಮುಗಿಯಿತು. ಮಗಳ ಸೀಟ್ ಭಾರದ್ದಾದರೆ ಅದನ್ನು ಬಿಟ್ಟು, ಅವಳದ್ದನ್ನು ಮಾತ್ರ ಕ್ಯಾಬ್ ಕಂಪನಿಯಿಂದ ಖಚಿತ ಮಾಡಿಕೊಳ್ಳಬಹುದು. ಹಿಂಮುಖ ಸೀಟಿಗಿಂತ ಮುಮ್ಮುಖದ್ದು ಕ್ಯಾಬ್‌ಗಳಲ್ಲಿ ಸುಲಭವಾಗಿ ಸಿಗುತ್ತದೆ.

ರೈಲು ನನಗೆ ಇಷ್ಟ. ಕಟ್ಟಬೇಕಾದ ಸೀಟಿಲ್ಲ, ಬೆಲ್ಟಿಲ್ಲ, ಆದರೂ ಕಾರಿಗಿಂತ ಎಷ್ಟೋ ಪಾಲು ಸುರಕ್ಷಿತ. ಸೀಟೇ ಇಲ್ಲದ ರೈಲು ಒಳ್ಳೆಯದು, ಸೀಟಿಲ್ಲದ ಕಾರು ಕೆಟ್ಟದ್ದು ಎಂದರೆ ತಂದೆತಾಯಿಗೆ ಗೊಂದಲವಾಗುತ್ತದೆ. ಕಾರಣ ತೂಕ ಮತ್ತು ದಾರಿ. ರೈಲಿಗೆ ಅದರದ್ದೇ ಹಳಿ, ಎದುರಿನಿಂದ ಯಾರೂ ನುಗ್ಗುವುದಿಲ್ಲ. ನಿಲ್ಲುವಾಗಲೂ ನೂರಾರು ಮೀಟರ್ ತೆಗೆದುಕೊಂಡು ನಿಧಾನಕ್ಕೆ ನಿಲ್ಲುತ್ತದೆ. ದೊಡ್ಡ ಬಸ್ಸಿಗೂ ಇದೇ ತರ್ಕ ಸ್ವಲ್ಪ ಮಟ್ಟಿಗೆ ಅನ್ವಯ: ಅಷ್ಟು ಭಾರದ ಬಸ್ಸಿಗೆ ಕಾರು ಬಂದು ಗುದ್ದಿದರೆ ಜರ್ಝರಿತವಾಗುವುದು ಕಾರು, ಎತ್ತರದಲ್ಲಿ ಕೂತವರಿಗೆ ತಟ್ಟುವ ಹೊಡೆತ ಕಡಿಮೆ. ಬಸ್ಸಿನಲ್ಲಿ ಮಕ್ಕಳಿಗೆ ನಿತ್ಯ ಆಗುವ ಪೆಟ್ಟು ಬೇರೆ ಬಗೆಯದು. ನಿಲ್ದಾಣ ಬರುವ ಮೊದಲೇ ಎದ್ದು ನಿಂತು, ಬ್ರೇಕ್ ಹಾಕಿದಾಗ ಬೀಳುವುದು. ಮುಂದಕ್ಕೆ ಮುಖವಿರುವ ಆಸನ ಹಿಡಿದು, ಮಗಳನ್ನು ಕಿಟಕಿ ಬದಿಗೆ ಕೂರಿಸಿ, ಬೆಲ್ಟ್ ಇದ್ದರೆ ಹಾಕಿ, ಪೂರ್ತಿ ನಿಂತ ಮೇಲೆ ಏಳಿ. ಕಾರಿನಲ್ಲಿ ಬೇಡವೆಂದ ಎದೆಚೀಲ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಮಗನನ್ನು ಅದರಲ್ಲಿ ಹಾಕಿಕೊಂಡರೆ ಎರಡು ಕೈ ಖಾಲಿ.

ಒಂದು ಎಚ್ಚರಿಕೆ. ಹನ್ನೆರಡು-ಹದಿನಾಲ್ಕು ಜನರ ಶಟಲ್ ವ್ಯಾನನ್ನು ಬಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಹೆಸರು ಬಸ್ಸಿನದಾದರೂ ಗುಣ ಕಾರಿನದು, ಅಲ್ಲಿ ಮಕ್ಕಳ ಸೀಟ್ ಬೇಕೇ ಬೇಕು. ಹಲವು ವ್ಯಾನುಗಳ ಹಿಂದಿನ ಸಾಲಿನಲ್ಲಿ ಸೊಂಟದ ಪಟ್ಟಿ ಮಾತ್ರ ಇರುತ್ತದೆ, ಅಲ್ಲಿ ಬೂಸ್ಟರ್ ಬಳಸುವಂತಿಲ್ಲ. ಪಕ್ಕಕ್ಕೆ ಮುಖ ಮಾಡಿದ ಆಸನಕ್ಕೆ ಯಾವ ಮಕ್ಕಳ ಸೀಟನ್ನೂ ಕಟ್ಟುವಂತಿಲ್ಲ.

ರೈಲಿನ ನಿಜವಾದ ತೊಡಕು ನಿಮ್ಮ ವಿಷಯದಲ್ಲಿ ಎರಡು. ಒಂದು, 11ಕ್ಕೆ ಇಳಿದವರು ಲಗೇಜು ತೆಗೆದುಕೊಂಡು ಹೊರಬರುವಾಗ 12 ಆಗುತ್ತದೆ. ಕೊನೆಯ ರೈಲು ಎಷ್ಟಕ್ಕೆ, ಬದಲಿಸುವ ಕಡೆ ಅಷ್ಟು ಹೊತ್ತಿಗೆ ಎರಡನೆಯದು ಇದೆಯೇ, ಲಿಫ್ಟ್ ಇದೆಯೇ? ಎರಡು ಸೂಟ್‌ಕೇಸ್, ಸ್ಟ್ರಾಲರ್, ನಿದ್ದೆಯಲ್ಲಿ ತೂಗುವ ಮಗಳು, ಇಷ್ಟರೊಂದಿಗೆ ಮೆಟ್ಟಿಲು ಹತ್ತುವುದು ಇಬ್ಬರಿಗೆ ಆಗದ ಕೆಲಸ. ಎಸ್ಕಲೇಟರಿನಲ್ಲಿ ಮಗು ಕೂತ ಸ್ಟ್ರಾಲರ್ ಹತ್ತಿಸುವುದಂತೂ ಬೇಡವೇ ಬೇಡ. ಎರಡನೆಯ ತೊಡಕನ್ನು ಎಲ್ಲರೂ ಮರೆಯುತ್ತಾರೆ: ರೈಲು ಇಳಿದ ನಿಲ್ದಾಣದಿಂದ ಹೋಟೆಲಿಗೆ ಎಷ್ಟು ದೂರ? ಅದು ಎರಡು ಕಿ.ಮೀ. ಆಗಿದ್ದರೆ ಕೊನೆಗೆ ನೀವು ಹತ್ತುವುದು ಟ್ಯಾಕ್ಸಿಯನ್ನೇ, ಸೀಟಿಲ್ಲದೆ, ಇನ್ನೂ ಹೆಚ್ಚು ಸುಸ್ತಾಗಿ. ನಡೆದು ಹೋಗುವಷ್ಟು ಹತ್ತಿರವಿದ್ದರೆ ಮಾತ್ರ ರೈಲಿನ ಯೋಜನೆ ಪೂರ್ತಿ.

ಬಾಡಿಗೆ ಕಾರಿನ ಬಗ್ಗೆ ನನ್ನ ತಕರಾರು ಸೀಟಿನದ್ದಲ್ಲ, ಓಡಿಸುವವರದ್ದು. ಬೆಳಿಗ್ಗೆ ಆರಕ್ಕೆ ಎದ್ದು ರಾತ್ರಿ 11ಕ್ಕೆ ಇಳಿದರೆ ಯಜಮಾನರು 17 ಗಂಟೆ ಎಚ್ಚರವಿದ್ದಂತಾಯಿತು. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, 17 ಗಂಟೆ ನಿದ್ದೆಗೆಟ್ಟವರ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇ. 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ಎಷ್ಟೋ ದೇಶಗಳಲ್ಲಿ ಆ ಮಟ್ಟ ತಲುಪಿದವರು ಕಾರು ಓಡಿಸುವಂತಿಲ್ಲ. ಗೊತ್ತಿಲ್ಲದ ರಸ್ತೆ, ಕತ್ತಲೆ, ಹಿಂದೆ ಅಳುವ ಮಗು ಬೇರೆ. ಬಾಡಿಗೆ ಕಾರು ಬೇಕಿದ್ದರೆ ಮರುದಿನ ನಿದ್ದೆ ಮುಗಿಸಿ ತೆಗೆದುಕೊಳ್ಳಿ.

ಯಾರೂ ನಿಮಗೆ ಸೂಚಿಸದ ಇನ್ನೊಂದು ದಾರಿಯಿದೆ. ವಿಮಾನ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ತಂಗಲು ಜಾಗವಿದ್ದರೆ ಆ ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಹೊರಡುವುದು. ಹಗಲಲ್ಲಿ ರೈಲು ಧಾರಾಳ, ಲಿಫ್ಟ್ ಎಲ್ಲಿದೆ ಎಂದು ಕೇಳಿದರೆ ಹೇಳುವವರು ಇರುತ್ತಾರೆ, ಮಕ್ಕಳು ಮನುಷ್ಯರ ಥರ ಇರುತ್ತಾರೆ. ಒಂದು ರಾತ್ರಿಯ ಬಾಡಿಗೆ ದಂಡ ಎನಿಸಬಹುದು. ಸೀಟ್ ಸಹಿತ ಕ್ಯಾಬ್‌ನ ರಾತ್ರಿ ದರದ ಪಕ್ಕದಲ್ಲಿಟ್ಟು ನೋಡಿ, ಕೆಲವು ಕಡೆ ವ್ಯತ್ಯಾಸ ಕಡಿಮೆಯೇ.

ಹಾಗಾದರೆ ನಾನಾಗಿದ್ದರೆ ಏನು ಮಾಡುತ್ತಿದ್ದೆ? ಮಗನ ಸೀಟ್ ಸ್ಟ್ರಾಲರ್ ಮೇಲೆ ಸಿಕ್ಕಿಸಿ ಜೊತೆಗೇ ಒಯ್ಯುತ್ತಿದ್ದೆ. ಮಗಳಿಗೆ ಐದು ಪಟ್ಟಿಯ ಸೀಟನ್ನು ಫೋಟೊ ಸಹಿತ ಖಚಿತಪಡಿಸಿದ ಕಂಪನಿಯಲ್ಲಿ, ಹಿಂದೆ ಸಾಮಾನು ಇಡುವ ದೊಡ್ಡ ಡಿಕ್ಕಿಯಿರುವ ಕಾರನ್ನು ಮುಂಚೆಯೇ ಬುಕ್ ಮಾಡುತ್ತಿದ್ದೆ. ಡಿಕ್ಕಿ ಎಂದು ಒತ್ತಿ ಹೇಳಲು ಕಾರಣವಿದೆ. ಸಣ್ಣ ಕಾರಾದರೆ ಎರಡನೇ ಸೂಟ್‌ಕೇಸ್ ಹಿಂದಿನ ಸೀಟಿಗೆ, ಮಕ್ಕಳ ಪಕ್ಕಕ್ಕೆ ಬರುತ್ತದೆ. ಗುದ್ದಿದಾಗ ಅದೂ ಹಾರುತ್ತದೆ. ಕಂಪನಿ ಕೈಕೊಟ್ಟರೆ ಎರಡನೇ ಯೋಜನೆಯಾಗಿ ಬಸ್ಸಿನ ವೇಳೆ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿರುತ್ತಿದ್ದೆ. ಕಂಪನಿಯವರ ಉತ್ತರ ತೃಪ್ತಿಯಾಗದಿದ್ದರೆ ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆಯ ರೈಲು.

ಎಲ್ಲ ಕೆಟ್ಟು, ಸೀಟೂ ಇಲ್ಲ, ಬಸ್ಸೂ ಇಲ್ಲ, ಕಾರೊಂದೇ ಗತಿ ಎಂದಾದರೆ? ಆಗ ಸುರಕ್ಷಿತ ದಾರಿ ಇಲ್ಲ, ಕಡಿಮೆ ಕೆಟ್ಟದ್ದು ಮಾತ್ರ ಇದೆ. ಮಕ್ಕಳಿಬ್ಬರೂ ಹಿಂದೆ. ಮಗಳಿಗೆ ಅವಳದೇ ಬೆಲ್ಟ್, ಕೆಳಪಟ್ಟಿ ತೊಡೆಗೆ ತಾಗುವಷ್ಟು ತಗ್ಗಿಗೆ, ಭುಜದ ಪಟ್ಟಿಯನ್ನು ಕಂಕುಳಡಿ ತೂರಿಸದೆ. ನಿಮ್ಮ ಬೆಲ್ಟ್ ನಿಮಗೆ ಮಾತ್ರ, ಮಗ ಅದರ ಹೊರಗೆ ನಿಮ್ಮ ತೋಳಲ್ಲಿ. ಹೆದ್ದಾರಿ ಬಿಟ್ಟು ನಿಧಾನದ ರಸ್ತೆಯಲ್ಲಿ ಹೋಗಲು ಚಾಲಕನಿಗೆ ಹೇಳಿ. ಇದನ್ನು ಸಲಹೆ ಎಂದು ಓದಿಕೊಳ್ಳಬೇಡಿ.

ಕಾರು ಬಂದು ನಿಂತಾಗಿನ ಗಡಿಬಿಡಿಗೂ ಎರಡು ಮಾತು. ಒಬ್ಬರು ಇಬ್ಬರೂ ಮಕ್ಕಳೊಂದಿಗೆ ರಸ್ತೆಯಿಂದ ದೂರ ನಿಲ್ಲಿ, ಇನ್ನೊಬ್ಬರು ಸೀಟ್ ಕಟ್ಟಲಿ. ಚಾಲಕ ಅವಸರ ಮಾಡಿದರೆ "ಎರಡು ನಿಮಿಷ ಅಣ್ಣಾ" ಎಂದು ನಿಮ್ಮ ಪಾಡಿಗೆ ಕಟ್ಟುತ್ತಿರಿ. ಕ್ಯಾಬ್‌ನವರು ಮೊದಲೇ ಕಟ್ಟಿ ತಂದ ಸೀಟನ್ನೂ ಒಮ್ಮೆ ಅಲ್ಲಾಡಿಸಿ ನೋಡಿ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಎಳೆದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ನಾನು ನೋಡುವ ಸೀಟುಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದೇ, ಸಡಿಲ ಬೆಲ್ಟ್. ಸೀಟಿನ ಮೇಲೆ ಮೊಣಕಾಲೂರಿ ಭಾರ ಹಾಕಿ ಬೆಲ್ಟ್ ಎಳೆದರೆ ಬಿಗಿಯಾಗುತ್ತದೆ. ಮಗುವನ್ನು ಕೂರಿಸಿದ ಮೇಲೆ ಭುಜದ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ. ಮಡಿಕೆ ಸಿಕ್ಕರೆ ಇನ್ನೂ ಬಿಗಿಯಬೇಕು. ದಪ್ಪ ಸ್ವೆಟರ್, ಜಾಕೆಟ್ ಹಾಕಿಸಿ ಪಟ್ಟಿ ಕಟ್ಟಬೇಡಿ, ಗುದ್ದಿನಲ್ಲಿ ಅದು ಅಮುಕಿಹೋಗಿ ಪಟ್ಟಿ ಸಡಿಲವಾಗುತ್ತದೆ. ಚಳಿಯಾದರೆ ಕಟ್ಟಿದ ಮೇಲೆ ಹೊದಿಸಿ.

ದಾರಿಯಲ್ಲಿ ಮಗ ಅತ್ತೇ ಅಳುತ್ತಾನೆ. ಹಾಲು ಕುಡಿಸುವುದು, ಡೈಪರ್ ಬದಲಿಸುವುದು ಎಲ್ಲ ನಿಲ್ದಾಣದೊಳಗೇ ಮುಗಿಸಿಕೊಂಡು ಹೊರಗೆ ಬನ್ನಿ. ಆದರೂ ಅತ್ತರೆ ಓಡುವ ಕಾರಿನಲ್ಲಿ ಸೀಟಿನಿಂದ ತೆಗೆಯುವ ಬದಲು ಸುರಕ್ಷಿತ ಜಾಗ ನೋಡಿ ನಿಲ್ಲಿಸಲು ಹೇಳಿ. ಹೋಟೆಲು ತಲುಪಿದ ಮೇಲೆ ಲಗೇಜು ಮೊದಲು ಇಳಿಯಲಿ, ಮಕ್ಕಳು ಕೊನೆಗೆ. ಅಲ್ಲಿವರೆಗೆ ಒಬ್ಬರು ಅವರ ಜೊತೆ ಕಾರಿನೊಳಗೇ ಇರಿ. ನಿದ್ದೆ ಹೋದ ಮಗನನ್ನು ಎಬ್ಬಿಸಲು ಮನಸ್ಸಾಗದೆ ರಾತ್ರಿಯಿಡೀ ಆ ಸೀಟಿನಲ್ಲೇ ಬಿಡುವವರಿದ್ದಾರೆ, ಹಾಗೆ ಮಾಡಬೇಡಿ. ಗದ್ದ ಎದೆಗೆ ಬಾಗಿ ಉಸಿರಿಗೆ ತೊಂದರೆಯಾಗಬಹುದು. ಎತ್ತಿ ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಿಸಿ.

ಇನ್ನೂ ಒಂದು ತಿಂಗಳಿದೆ. ನಿಮ್ಮದಲ್ಲದ ಒಂದು ಕಾರು, ಅಕ್ಕನದ್ದೇ ಆಗಲಿ, ಎರವಲು ಕೇಳಿ ಅದರಲ್ಲಿ ಮಗನ ಸೀಟನ್ನು ಬರಿ ಬೆಲ್ಟಿನಿಂದ ಮೂರು ಸಲ ಕಟ್ಟಿ ಬಿಚ್ಚಿ. ಯಜಮಾನರ ಕೈಯಲ್ಲೂ ಮಾಡಿಸಿ. ಹಿಂಮುಖವಾಗಿ ಕಟ್ಟುವಾಗ ಬೆಲ್ಟ್ ಹಾಯುವ ದಾರಿಗೆ ಸೀಟಿನ ಮೇಲೆ ನೀಲಿ ಗುರುತು, ಮುಮ್ಮುಖಕ್ಕೆ ಕೆಂಪು ಇರುವುದು ಸಾಮಾನ್ಯ, ಅದನ್ನು ಹುಡುಕಿ. ಮೂರನೆಯ ಸಲ ಕಾರಿನ ದೀಪ ಆರಿಸಿ ಕಟ್ಟಿ. ಆ ರಾತ್ರಿ ಟ್ಯಾಕ್ಸಿಯೊಳಗೆ ಬಕಲ್ ಕಣ್ಣಿಗೆ ಕಾಣುವುದಿಲ್ಲ, ಕೈಗೇ ಸಿಗಬೇಕು.